ಎಪ್ಪತ್ತೇಳು ಜೋಡಿಗಳ ಕುಸುರಿ

1970ರಲ್ಲಿ ಹರ್ ಗೋಬಿಂದ್ ಖೊರಾನಾ ಮತ್ತು ಅವರ ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಯೀಸ್ಟ್‌ನ ಒಂದು ಜೀನನ್ನು ತಾವು ಪೂರ್ತಿಯಾಗಿ ಪ್ರಯೋಗಾಲಯದಲ್ಲಿ ಕಟ್ಟಿದ್ದೇವೆ ಎಂಬುದು ಅದರ ಸಾರ. ಯೀಸ್ಟ್‌ನೊಳಗಿನ ಜೀನನ್ನು ಅವರು ನಕಲು ಮಾಡಿಕೊಂಡಿರಲಿಲ್ಲ. ಈ ಎಳೆಯಲ್ಲಿ 77, ಎದುರಿನ ಎಳೆಯಲ್ಲಿ 77, ಹೀಗೆ ಬೇಕಾದ ಘಟಕಗಳನ್ನೆಲ್ಲ ಯಾವ ಅಚ್ಚಿನ ನೆರವೂ ಇಲ್ಲದೆ ಒಂದರ ಮುಂದೊಂದು ಬೆಸೆದಿದ್ದರು. ಮನುಷ್ಯನ ಒಂದು ಸೆಟ್ ವರ್ಣತಂತುಗಳಲ್ಲಿ ಇಂಥ ಜೋಡಿಗಳು ಸುಮಾರು 300 ಕೋಟಿ ಇವೆ. ಅದರ ಮುಂದೆ 77 ಏನೂ ಅಲ್ಲ ಎನಿಸಬಹುದು. ಆದರೆ ಆ 77 ಜೋಡಿಗಳನ್ನು ಕಟ್ಟಬೇಕಾದರೆ ಡಿಎನ್‌ಎಯ ಒಂದೊಂದು ಪರಮಾಣುವಿನ ಸ್ವಭಾವವೂ ತಿಳಿದಿರಬೇಕಿತ್ತು.

ಡಿಎನ್‌ಎ ಎಂದರೆ ಎರಡು ಎಳೆಗಳ ಸುರುಳಿ ಎಂದು ಪ್ರೌಢಶಾಲೆಯ ಮಕ್ಕಳೂ ಹೇಳುತ್ತಾರೆ. ಅಡೆನಿನ್‌ಗೆ ಥೈಮಿನ್, ಗ್ವಾನಿನ್‌ಗೆ ಸೈಟೋಸಿನ್ ಜೊತೆ ಎಂಬುದೂ ಬಾಯಿಪಾಠ. ಆದರೆ ಯಾವ ಪರಮಾಣು ಯಾವುದನ್ನು ಹಿಡಿದುಕೊಂಡಿದೆ, ಆ ಹಿಡಿತ ಎಷ್ಟು ಬಿಗಿ, ಎಲ್ಲಿ ಸಡಿಲ, ಯಾಕೆ ಹಾಗೆ ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಅಲ್ಲೇ ನಿಂತುಬಿಡುತ್ತೇವೆ. ಬಣ್ಣದ ಚಿತ್ರ ಬರೆಯುವವರಿಗೆ ಈ ಪ್ರಶ್ನೆಗಳನ್ನು ದಾಟಿ ಹೋಗಲು ಬರುತ್ತದೆ. ಕೈಯಿಂದ ಕಟ್ಟುವವರಿಗೆ ಆ ಅನುಕೂಲ ಇಲ್ಲ. ಅದಕ್ಕೇ ಡಿಎನ್‌ಎ ಮತ್ತು ಆರ್‌ಎನ್‌ಎಗಳ ರಚನೆಯನ್ನು ಅರಿಯಲು, ಅವನ್ನು ಕಟ್ಟಿದವರ ಬೆಂಚಿನ ಪಕ್ಕದಲ್ಲಿ ನಿಲ್ಲುವುದೇ ಒಳ್ಳೆಯ ದಾರಿ ಎಂದು ನಾನು ನಂಬಿದ್ದೇನೆ.

ಮೊದಲು ಸಾಮಗ್ರಿ. ಡಿಎನ್‌ಎಯ ಒಂದು ಘಟಕಕ್ಕೆ ನ್ಯೂಕ್ಲಿಯೋಟೈಡ್ ಎಂದು ಹೆಸರು. ಅದರಲ್ಲಿ ಮೂರು ಭಾಗ: ಸಕ್ಕರೆ, ಫಾಸ್ಫೇಟ್, ಪ್ರತ್ಯಾಮ್ಲ. ಮೂರರಲ್ಲಿ ಪ್ರತ್ಯಾಮ್ಲಕ್ಕೇ ಹೆಚ್ಚು ಪ್ರಚಾರ, ಏಕೆಂದರೆ ಆನುವಂಶಿಕ ಮಾಹಿತಿ ಇರುವುದು ಅದರ ಅನುಕ್ರಮದಲ್ಲಿ. ಆದರೆ ಇಡೀ ರಚನೆಯ ನಡುಗಂಬ ಸಕ್ಕರೆ. ಅದರಿಂದಲೇ ಶುರು ಮಾಡೋಣ.

ಈ ಸಕ್ಕರೆಯಲ್ಲಿ ಐದು ಇಂಗಾಲದ ಪರಮಾಣುಗಳಿವೆ. ನಾಲ್ಕು ಇಂಗಾಲ ಮತ್ತು ಒಂದು ಆಮ್ಲಜನಕ ಸೇರಿ ಐದು ಮೂಲೆಯ ಉಂಗುರವಾಗುತ್ತವೆ. ಐದನೆಯ ಇಂಗಾಲ ಉಂಗುರದ ಹೊರಗೆ ಚಾಚಿಕೊಂಡಿರುತ್ತದೆ. ರಸಾಯನಶಾಸ್ತ್ರಜ್ಞರು ಈ ಇಂಗಾಲಗಳಿಗೆ 1ರಿಂದ 5ರವರೆಗೆ ಸಂಖ್ಯೆ ಕೊಟ್ಟಿದ್ದಾರೆ. ಈ ಸಂಖ್ಯೆಗಳನ್ನು ನೆನಪಿಟ್ಟುಕೊಂಡರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಒಂದನೆಯ ಇಂಗಾಲಕ್ಕೆ ಪ್ರತ್ಯಾಮ್ಲ ಅಂಟಿಕೊಂಡಿದೆ. ಮೂರನೆಯದರ ಮೇಲೆ ಒಂದು ಹೈಡ್ರಾಕ್ಸಿಲ್ ಗುಂಪು, ಅಂದರೆ ಆಮ್ಲಜನಕ ಮತ್ತು ಜಲಜನಕದ ಒಂದು ಜೋಡಿ. ಐದನೆಯದರ ಮೇಲೂ ಅಂಥದೇ ಒಂದು. ನಾಲ್ಕನೆಯದು ಉಂಗುರವನ್ನು ಮುಚ್ಚುವ ಕೆಲಸದಲ್ಲಿದೆ. ಉಳಿದದ್ದು ಎರಡನೆಯ ಇಂಗಾಲ. ಅಲ್ಲೂ ಹೈಡ್ರಾಕ್ಸಿಲ್ ಇದ್ದರೆ ಆ ಸಕ್ಕರೆ ರೈಬೋಸ್, ಅದರಿಂದ ಆಗುವುದು ಆರ್‌ಎನ್‌ಎ. ಅಲ್ಲಿ ಬರಿಯ ಜಲಜನಕ ಇದ್ದರೆ ಅದು ಡಿಆಕ್ಸಿರೈಬೋಸ್, ಅದರಿಂದ ಆಗುವುದು ಡಿಎನ್‌ಎ. ಒಂದೇ ಒಂದು ಆಮ್ಲಜನಕ ಪರಮಾಣುವಿನ ವ್ಯತ್ಯಾಸ. ಇದರ ಪರಿಣಾಮ ಎಷ್ಟು ದೊಡ್ಡದೆಂದು ಮುಂದೆ ನೋಡುತ್ತೇವೆ.

ಈ ಎರಡು ಸಕ್ಕರೆಗಳನ್ನೂ ನ್ಯೂಕ್ಲಿಯಿಕ್ ಆಮ್ಲಗಳಲ್ಲಿ ಗುರುತಿಸಿದವರು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಫೀಬಸ್ ಲೆವಿನ್. ರೈಬೋಸನ್ನು 1909ರಲ್ಲಿ, ಡಿಆಕ್ಸಿರೈಬೋಸನ್ನು 1929ರಲ್ಲಿ. ಎರಡರ ನಡುವೆ 20 ವರ್ಷ. ಇಷ್ಟು ಎಚ್ಚರದ ರಸಾಯನಜ್ಞ ಇಡೀ ಅಣುವಿನ ವಿಷಯದಲ್ಲಿ ಮಾತ್ರ ಎಡವಿದರು. ನಾಲ್ಕು ಪ್ರತ್ಯಾಮ್ಲಗಳು ಸಮ ಪ್ರಮಾಣದಲ್ಲಿ, ಒಂದೇ ಸಾಲು ಮತ್ತೆ ಮತ್ತೆ ಬರುವಂತೆ ಜೋಡಣೆಯಾಗಿವೆ ಎಂದು ಅವರು ಭಾವಿಸಿದ್ದರು. ಅಂಥ ಏಕತಾನದ ವಸ್ತು ಆನುವಂಶಿಕತೆಯ ಭಾರ ಹೊರಲಾರದು ಎಂದು ದಶಕಗಳ ಕಾಲ ಹೆಚ್ಚಿನವರು ನಂಬಿದ್ದಕ್ಕೆ ಅದೂ ಒಂದು ಕಾರಣ.

ಇನ್ನು ಫಾಸ್ಫೇಟ್. ನಡುವೆ ಒಂದು ರಂಜಕ, ಸುತ್ತ ನಾಲ್ಕು ಆಮ್ಲಜನಕ. ಇದು ಒಂದು ಕಡೆ ಒಂದು ಸಕ್ಕರೆಯ ಮೂರನೆಯ ಇಂಗಾಲದೊಂದಿಗೂ ಇನ್ನೊಂದು ಕಡೆ ಮುಂದಿನ ಸಕ್ಕರೆಯ ಐದನೆಯ ಇಂಗಾಲದೊಂದಿಗೂ ಬೆಸೆದುಕೊಳ್ಳುತ್ತದೆ. ಸಕ್ಕರೆ, ಫಾಸ್ಫೇಟ್, ಸಕ್ಕರೆ, ಫಾಸ್ಫೇಟ್ ಎಂದು ಸಾಲು ಬೆಳೆಯುತ್ತ ಹೋಗುತ್ತದೆ. ಈ ಬೆಸುಗೆ ಸರಿಯಾಗಿ ಮೂರು ಮತ್ತು ಐದರ ನಡುವೆಯೇ ಇದೆ ಎಂಬುದನ್ನು ಕೇಂಬ್ರಿಜ್‌ನ ಅಲೆಗ್ಸಾಂಡರ್ ಟಾಡ್ ಮತ್ತು ಡೇನಿಯಲ್ ಬ್ರೌನ್ 1952ರ ಹೊತ್ತಿಗೆ ಗಟ್ಟಿ ಮಾಡಿದರು. ಜೇಮ್ಸ್ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ ಜೋಡಿ ಸುರುಳಿಯ ತಮ್ಮ ಮಾದರಿ ಕಟ್ಟುವಾಗ ಈ ಸಂಗತಿ ಅವರ ಕೈಯಲ್ಲಿ ಸಿದ್ಧವಾಗಿತ್ತು. ಜೋಡಿ ಸುರುಳಿಯ ಕಥೆ ಹೇಳುವಾಗ ಟಾಡ್ ಅವರ ಹೆಸರು ಬಿಟ್ಟುಹೋಗುವುದು ನನಗೆ ಸರಿ ಕಾಣುವುದಿಲ್ಲ. 1957ರ ರಸಾಯನಶಾಸ್ತ್ರ ನೊಬೆಲ್ ಅವರಿಗೆ ಬಂದದ್ದು ನ್ಯೂಕ್ಲಿಯೋಟೈಡ್‌ಗಳ ಮೇಲಿನ ಕೆಲಸಕ್ಕೇ.

ಮೂರರಿಂದ ಐದಕ್ಕೆ ಹೋಗುವ ಈ ಬೆಸುಗೆಯಿಂದ ಎಳೆಗೆ ಒಂದು ದಿಕ್ಕು ಬರುತ್ತದೆ. ಒಂದು ತುದಿಯಲ್ಲಿ ಐದನೆಯ ಇಂಗಾಲ ಬಿಡುವಾಗಿರುತ್ತದೆ, ಇನ್ನೊಂದು ತುದಿಯಲ್ಲಿ ಮೂರನೆಯದು. ಜೀವಕೋಶದ ಎಂಜೈಮ್‌ಗಳು ಹೊಸ ಘಟಕವನ್ನು ಸೇರಿಸುವುದು ಮೂರನೆಯ ಇಂಗಾಲದ ತುದಿಗೆ ಮಾತ್ರ. ಜೀನುಗಳನ್ನು ಓದುವುದೂ ನಕಲು ತೆಗೆಯುವುದೂ ಈ ದಿಕ್ಕನ್ನು ಹಿಡಿದೇ ನಡೆಯುತ್ತದೆ.

ಫಾಸ್ಫೇಟ್‌ನ ಇನ್ನೊಂದು ಗುಣವನ್ನು ಹೇಳದೆ ಮುಂದೆ ಹೋಗಲಾರೆ. ಎರಡು ಸಕ್ಕರೆಗಳನ್ನು ಹಿಡಿದುಕೊಂಡ ಮೇಲೂ ಅದರಲ್ಲಿ ಒಂದು ಋಣ ವಿದ್ಯುದಂಶ ಉಳಿದಿರುತ್ತದೆ. 1987ರಲ್ಲಿ ಹಾರ್ವರ್ಡ್‌ನ ಫ್ರಾಂಕ್ ವೆಸ್ಟ್‌ಹೈಮರ್ ‘ಸೈನ್ಸ್’ ಪತ್ರಿಕೆಯಲ್ಲಿ, ಪ್ರಕೃತಿ ಫಾಸ್ಫೇಟನ್ನೇ ಯಾಕೆ ಆರಿಸಿಕೊಂಡಿತು ಎಂದು ಕೇಳಿ ಉತ್ತರವನ್ನೂ ಕೊಟ್ಟರು. ನೀರು ಸಾಮಾನ್ಯವಾಗಿ ಇಂಥ ಬಂಧಗಳನ್ನು ಮೆಲ್ಲಗೆ ಮುರಿಯುತ್ತದೆ. ಫಾಸ್ಫೇಟ್‌ನ ಋಣ ವಿದ್ಯುದಂಶ ಆ ದಾಳಿಯನ್ನು ದೂರ ಇಡುತ್ತದೆ. ಜೊತೆಗೆ, ವಿದ್ಯುದಂಶ ಹೊತ್ತ ಅಣು ಜೀವಕೋಶದ ಜಿಡ್ಡಿನ ಪೊರೆಯನ್ನು ದಾಟಿ ಸೋರಿಹೋಗುವುದಿಲ್ಲ. ಎರಡು ಬಂಧ ಮಾಡಿಕೊಂಡೂ ವಿದ್ಯುದಂಶ ಉಳಿಸಿಕೊಳ್ಳುವ ಗುಂಪುಗಳು ಬಹಳ ಇಲ್ಲ. ಹಿಮದಲ್ಲಿ ಹೂತುಹೋದ ಪ್ರಾಚೀನ ಪ್ರಾಣಿಗಳ ಮೂಳೆಗಳಿಂದ ಇವತ್ತು ಡಿಎನ್‌ಎ ಓದಲು ಆಗುತ್ತಿರುವುದರ ಹಿಂದೆ ಈ ಬಂಧದ ತಾಳಿಕೆಯೂ ಇದೆ.

ಮೂರನೆಯ ಭಾಗ ಪ್ರತ್ಯಾಮ್ಲ. ಅಡೆನಿನ್ ಮತ್ತು ಗ್ವಾನಿನ್ ಎರಡು ಉಂಗುರ ಸೇರಿದ ದೊಡ್ಡ ಅಣುಗಳು. ಸೈಟೋಸಿನ್, ಥೈಮಿನ್, ಯುರಾಸಿಲ್ ಒಂದೇ ಉಂಗುರದ ಚಿಕ್ಕವು. ಥೈಮಿನ್ ಡಿಎನ್‌ಎಯಲ್ಲಿ, ಅದರ ಜಾಗಕ್ಕೆ ಯುರಾಸಿಲ್ ಆರ್‌ಎನ್‌ಎಯಲ್ಲಿ. ಎಲ್ಲವೂ ಚಪ್ಪಟೆ. ಅವುಗಳ ಅಗಲವಾದ ಮೈಗೆ ನೀರು ಹಿತವಲ್ಲ, ಆದ್ದರಿಂದ ಒಂದರ ಮೇಲೊಂದು ಪೇರಿಕೊಳ್ಳುತ್ತವೆ. ಅಂಚುಗಳಲ್ಲಿ ಮಾತ್ರ ಜಲಜನಕ ಬಂಧಕ್ಕೆ ಒದಗುವ ಪರಮಾಣುಗಳಿವೆ. ಒಂದು ದೊಡ್ಡದಕ್ಕೆ ಒಂದು ಚಿಕ್ಕದು ಜೊತೆಯಾದರೆ ಜೋಡಿಯ ಅಗಲ ಎಲ್ಲ ಕಡೆಯೂ ಒಂದೇ. ಅಡೆನಿನ್–ಥೈಮಿನ್ ನಡುವೆ ಎರಡು ಜಲಜನಕ ಬಂಧ, ಗ್ವಾನಿನ್–ಸೈಟೋಸಿನ್ ನಡುವೆ ಮೂರು. ಸುರುಳಿಯನ್ನು ಹಿಡಿದಿಟ್ಟಿರುವುದು ಈ ಬಂಧಗಳೇ ಎಂದು ಪಠ್ಯಗಳು ಒತ್ತಿ ಹೇಳುತ್ತವೆ. ವಾಸ್ತವದಲ್ಲಿ ಸುರುಳಿಯ ಬಲಕ್ಕೆ ಪ್ರತ್ಯಾಮ್ಲಗಳ ಪೇರಿಕೆಯ ಕೊಡುಗೆ ಇನ್ನೂ ದೊಡ್ಡದು. ಜಲಜನಕ ಬಂಧದ ಮುಖ್ಯ ಕೆಲಸ, ಯಾರಿಗೆ ಯಾರು ಜೊತೆ ಎಂದು ತೀರ್ಮಾನಿಸುವುದು.

ಇದು ಹೊಳೆದ ಬಗೆಯೂ ಪರಮಾಣುಗಳ ಜಾಗಕ್ಕೆ ಸಂಬಂಧಿಸಿದ್ದೇ. 1953ರ ಫೆಬ್ರುವರಿಯಲ್ಲಿ ಜೇಮ್ಸ್ ವಾಟ್ಸನ್ ರಟ್ಟಿನಿಂದ ಪ್ರತ್ಯಾಮ್ಲಗಳ ಆಕಾರ ಕತ್ತರಿಸಿ ಹೊಂದಿಸಲು ನೋಡುತ್ತಿದ್ದರು. ಆ ಕಾಲದ ಪಠ್ಯಪುಸ್ತಕಗಳಲ್ಲಿ ಗ್ವಾನಿನ್ ಮತ್ತು ಥೈಮಿನ್‌ಗಳ ಒಂದು ಜಲಜನಕವನ್ನು ತಪ್ಪು ಜಾಗದಲ್ಲಿ ಬರೆಯಲಾಗುತ್ತಿತ್ತು. ಅದೇ ಕೊಠಡಿಯಲ್ಲಿ ಕೂರುತ್ತಿದ್ದ ಜೆರ್ರಿ ಡಾನಹ್ಯೂ ಅದನ್ನು ತೋರಿಸಿಕೊಟ್ಟರು. ಜಲಜನಕ ಸರಿಯಾದ ಜಾಗಕ್ಕೆ ಬಂದದ್ದೇ ತಡ, ಜೋಡಿಗಳು ತಾವಾಗಿ ಹೊಂದಿಕೊಂಡವು. ಅಡೆನಿನ್ ಇದ್ದಷ್ಟೇ ಥೈಮಿನ್, ಗ್ವಾನಿನ್ ಇದ್ದಷ್ಟೇ ಸೈಟೋಸಿನ್ ಎಂದು ಎರ್ವಿನ್ ಚಾರ್ಗಾಫ್ ಅಳೆದು ಹೇಳಿದ್ದಕ್ಕೂ ಆಗ ಅರ್ಥ ಬಂತು. ಫಾಸ್ಫೇಟ್‌ಗಳು ಹೊರಮುಖವಾಗಿರಬೇಕು ಎಂಬುದನ್ನು ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ರೊಸಾಲಿಂಡ್ ಫ್ರಾಂಕ್ಲಿನ್ ತಮ್ಮ ಎಕ್ಸ್-ರೇ ಅಧ್ಯಯನದಿಂದ ಮೊದಲೇ ಕಂಡುಕೊಂಡಿದ್ದರು. ಅವರ ಅಳತೆಗಳಲ್ಲಿದ್ದ ಸಮ್ಮಿತಿಯನ್ನು ನೋಡಿಯೇ ಫ್ರಾನ್ಸಿಸ್ ಕ್ರಿಕ್‌ಗೆ ಎರಡು ಎಳೆಗಳು ಎದುರುಬದುರು ದಿಕ್ಕಿನಲ್ಲಿ ಸಾಗುತ್ತವೆ ಎಂದು ಹೊಳೆದದ್ದು. ಸುರುಳಿಯ ಅಡ್ಡಳತೆ ಸುಮಾರು 2 ನ್ಯಾನೋಮೀಟರ್. ಒಂದು ಜೋಡಿಯಿಂದ ಮುಂದಿನ ಜೋಡಿಗೆ 0.34 ನ್ಯಾನೋಮೀಟರ್; ಒಂದು ಪೂರ್ತಿ ಸುತ್ತಿಗೆ ಹತ್ತು ಜೋಡಿಗಿಂತ ತುಸು ಹೆಚ್ಚು. ಈ ಲೆಕ್ಕದಲ್ಲಿ ನಮ್ಮ ಒಂದೊಂದು ಜೀವಕೋಶದಲ್ಲೂ ಸುಮಾರು ಎರಡು ಮೀಟರ್ ಉದ್ದದ ಡಿಎನ್‌ಎ ಇದೆ, ಅದೂ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟೂ ಅಗಲವಿಲ್ಲದ ಕೋಶಕೇಂದ್ರದೊಳಗೆ.

ಸುರುಳಿ ಬಲಕ್ಕೆ ತಿರುಗುವುದೇ ಸಾಮಾನ್ಯ. ಆದರೆ ಎಡಕ್ಕೂ ತಿರುಗಬಹುದೇ ಎಂಬ ಪ್ರಶ್ನೆಯನ್ನು 1970ರ ದಶಕದಲ್ಲಿ ಗಂಭೀರವಾಗಿ ಕೈಗೆತ್ತಿಕೊಂಡವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿ. ಶಶಿಶೇಖರನ್ ಮತ್ತು ಅವರ ಸಹೋದ್ಯೋಗಿಗಳು ಮುಖ್ಯರು. 1979ರಲ್ಲಿ ಅಮೆರಿಕದ ಎಂಐಟಿಯಲ್ಲಿ ಅಲೆಗ್ಸಾಂಡರ್ ರಿಚ್ ಅವರ ತಂಡಕ್ಕೆ ಎಡಕ್ಕೆ ಸುತ್ತಿದ ಡಿಎನ್‌ಎಯ ಹರಳು ಸಿಕ್ಕಿತು. ಬೆಂಗಳೂರಿನವರು ಮುಂದಿಟ್ಟಿದ್ದ ಮಾದರಿಗೂ ಇದಕ್ಕೂ ವಿವರಗಳಲ್ಲಿ ವ್ಯತ್ಯಾಸವಿದೆ. ಆದರೂ ಎಲ್ಲರೂ ಮುಗಿದ ಅಧ್ಯಾಯ ಎಂದುಕೊಂಡಿದ್ದಾಗ ಆ ಪ್ರಶ್ನೆಯನ್ನು ಎತ್ತಿದ ಧೈರ್ಯವನ್ನು ಮೆಚ್ಚಲೇಬೇಕು.

ಈಗ ಕಟ್ಟುವ ಕೆಲಸಕ್ಕೆ ಬರೋಣ. ಖೊರಾನಾ ಹುಟ್ಟಿದ್ದು 1922ರಲ್ಲಿ, ಇಂದು ಪಾಕಿಸ್ತಾನದಲ್ಲಿರುವ ಮುಲ್ತಾನ್ ಪ್ರಾಂತದ ರಾಯ್‌ಪುರ ಎಂಬ ಹಳ್ಳಿಯಲ್ಲಿ. ತಂದೆ ಪಟವಾರಿ, ನಮ್ಮ ಶಾನುಭೋಗರ ಹಾಗೆ ಊರಿನ ಕಂದಾಯದ ಲೆಕ್ಕ ಇಡುವವರು. ನೂರರಷ್ಟು ಜನರಿದ್ದ ಆ ಊರಿನಲ್ಲಿ ಓದುಬರಹ ಬಲ್ಲ ಮನೆತನ ಬಹುಮಟ್ಟಿಗೆ ಅವರದೊಂದೇ. ಲಾಹೋರಿನಲ್ಲಿ ಓದಿ, ಲಿವರ್‌ಪೂಲಿನಲ್ಲಿ ಡಾಕ್ಟರೇಟ್ ಮುಗಿಸಿ, ಜ್ಯೂರಿಕ್‌ನಲ್ಲಿ ಕೆಲಕಾಲ ಕಳೆದು, 1949ರಲ್ಲಿ ಭಾರತಕ್ಕೆ ಬಂದಾಗ ಅವರಿಗೆ ಇಲ್ಲಿ ತಕ್ಕ ಕೆಲಸ ಸಿಗಲಿಲ್ಲ. ಮರಳಿ ಹೋಗಿ ಸೇರಿದ್ದು ಕೇಂಬ್ರಿಜ್‌ನಲ್ಲಿ, ಇದೇ ಟಾಡ್ ಅವರ ಪ್ರಯೋಗಾಲಯ. ಅಲ್ಲಿಂದ 1952ರಲ್ಲಿ ಕೆನಡಾದ ವ್ಯಾಂಕೂವರ್, 1960ರಲ್ಲಿ ವಿಸ್ಕಾನ್ಸಿನ್.

ಎರಡು ನ್ಯೂಕ್ಲಿಯೋಟೈಡ್‌ಗಳನ್ನು ಬೆಸೆಯುವುದು ಕೇಳಲು ಸುಲಭ: ಒಂದರ ಫಾಸ್ಫೇಟ್, ಇನ್ನೊಂದರ ಹೈಡ್ರಾಕ್ಸಿಲ್, ನಡುವಿನಿಂದ ಒಂದು ನೀರಿನ ಅಣುವನ್ನು ತೆಗೆದುಹಾಕಿದರೆ ಬೆಸುಗೆ ಬೀಳುತ್ತದೆ. ಆ ನೀರನ್ನು ಎಳೆದುಕೊಳ್ಳಲು ಖೊರಾನಾ ಬಳಸಿದ್ದು ಕಾರ್ಬೋಡೈಇಮೈಡ್ ಎಂಬ ರಾಸಾಯನಿಕ. ಕೊಠಡಿಯ ಸಾಧಾರಣ ಬಿಸಿಯಲ್ಲೇ ಅದು ನೀರನ್ನು ಹೀರಿ, ತಾನು ಯೂರಿಯಾ ಜಾತಿಯ ವಸ್ತುವಾಗಿ ಬದಲಾಗಿ ಬೇರೆಯಾಗುತ್ತದೆ. ಇದೇ ಉಪಾಯದಿಂದ ಅವರು ವ್ಯಾಂಕೂವರ್‌ನಲ್ಲಿ ಜೀವಕೋಶದ ಶಕ್ತಿಯ ನಾಣ್ಯವಾದ ಎಟಿಪಿಯನ್ನೂ, ಬಹಳ ತೊಡಕಿನ ಕೋ-ಎಂಜೈಮ್ ಎಯನ್ನೂ ತಯಾರಿಸಿ ಹೆಸರಾದರು.

ತೊಡಕು ಇರುವುದು ಬೆಸುಗೆಯಲ್ಲಿ ಅಲ್ಲ, ಆಯ್ಕೆಯಲ್ಲಿ. ಒಂದು ನ್ಯೂಕ್ಲಿಯೋಟೈಡ್‌ನಲ್ಲಿ ಬೆಸೆದುಕೊಳ್ಳಲು ಸಿದ್ಧವಿರುವ ಜಾಗಗಳು ಹಲವು. ಮೂರನೆಯ ಇಂಗಾಲದ ಹೈಡ್ರಾಕ್ಸಿಲ್, ಐದನೆಯದರ ಹೈಡ್ರಾಕ್ಸಿಲ್, ಅಡೆನಿನ್, ಗ್ವಾನಿನ್, ಸೈಟೋಸಿನ್‌ಗಳ ಮೇಲಿನ ಅಮೈನೋ ಗುಂಪು. ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿದರೆ ಸಿಕ್ಕಿದ್ದಕ್ಕೆಲ್ಲ ಸಿಕ್ಕಿದ್ದೆಲ್ಲ ಅಂಟಿ ಗೊಂದಲವಾಗುತ್ತದೆ. ನಮಗೆ ಬೇಕಾದದ್ದು ಒಂದೇ ಒಂದು ಜಾಗದಲ್ಲಿ, ಒಂದೇ ಒಂದು ಬೆಸುಗೆ. ಹಾಗಾಗಿ ಉಳಿದ ಜಾಗಗಳನ್ನೆಲ್ಲ ತಾತ್ಕಾಲಿಕವಾಗಿ ಮುಚ್ಚಬೇಕು. ಸೀರೆಗೆ ಬಣ್ಣ ಕಟ್ಟುವವರು ಬಣ್ಣ ತಾಗಬಾರದ ಕಡೆ ನೂಲಿಗೆ ಬಿಗಿಯಾಗಿ ದಾರ ಸುತ್ತಿ, ಅದ್ದಿ, ಒಣಗಿಸಿ, ಆಮೇಲೆ ದಾರ ಬಿಚ್ಚುವ ಹಾಗೆ.

ಈ ಮುಚ್ಚಿಗೆಗಳನ್ನು ಆರಿಸುವುದರಲ್ಲಿ ಖೊರಾನಾ ತಂಡದ ಜಾಣ್ಮೆಯೆಲ್ಲ ಕಾಣುತ್ತದೆ. ಪ್ರತಿಯೊಂದು ಮುಚ್ಚಿಗೆಯೂ ಬೇರೆ ಬೇರೆ ಬಗೆಯಲ್ಲಿ ಬಿಚ್ಚಿಕೊಳ್ಳಬೇಕು. ಒಂದನ್ನು ತೆಗೆಯುವಾಗ ಇನ್ನೊಂದು ಅಲುಗಬಾರದು. ಯಾವುದನ್ನು ತೆಗೆಯುವಾಗಲೂ ಎಳೆಗೆ ಪೆಟ್ಟಾಗಬಾರದು. ಮೂರನೆಯ ಇಂಗಾಲದ ಹೈಡ್ರಾಕ್ಸಿಲ್‌ಗೆ ಅಸೆಟೈಲ್ ಗುಂಪು. ಅದು ಕ್ಷಾರದಲ್ಲಿ ಬೇಗ ಕಳಚುತ್ತದೆ. ಅಡೆನಿನ್ ಮತ್ತು ಸೈಟೋಸಿನ್‌ಗಳ ಅಮೈನೋ ಗುಂಪಿಗೆ ಬೆಂಜಾಯಿಲ್‌ನಂಥವು, ಗ್ವಾನಿನ್‌ಗೆ ಐಸೋಬ್ಯುಟಿರೈಲ್; ಇವು ಹಟಮಾರಿಗಳು, ಕಡೆಯಲ್ಲಿ ಅಮೋನಿಯಾ ಹಾಕಿದಾಗಲೇ ಹೋಗುತ್ತವೆ. ಥೈಮಿನ್‌ಗೆ ಅಮೈನೋ ಗುಂಪೇ ಇಲ್ಲ, ಹಾಗಾಗಿ ಮುಚ್ಚಿಗೆಯೂ ಬೇಡ.

ನನಗೆ ಬಹಳ ಹಿಡಿಸುವುದು ಐದನೆಯ ಇಂಗಾಲದ ಮುಚ್ಚಿಗೆ. ಅದಕ್ಕೆ ಟ್ರೈಟೈಲ್ ಎಂಬ ದೊಡ್ಡ ಗುಂಪನ್ನು ಬಳಸುತ್ತಿದ್ದರು. ಅದು ಆಮ್ಲದಲ್ಲಿ ಕಳಚುತ್ತದೆ. ಆದರೆ ಡಿಎನ್‌ಎಗೆ ಆಮ್ಲ ಆಗಿಬರುವುದಿಲ್ಲ. ಆಮ್ಲ ಸ್ವಲ್ಪ ಹೆಚ್ಚಾದರೂ ಅಡೆನಿನ್, ಗ್ವಾನಿನ್‌ಗಳು ಸಕ್ಕರೆಯಿಂದ ಕಿತ್ತುಬರುತ್ತವೆ. ಖೊರಾನಾ ಮತ್ತು ಸಂಗಡಿಗರು 1960ರ ದಶಕದ ಆರಂಭದಲ್ಲಿ ಟ್ರೈಟೈಲ್‌ಗೆ ಮೆಥಾಕ್ಸಿ ಎಂಬ ಚಿಕ್ಕ ಗುಂಪುಗಳನ್ನು ಸೇರಿಸಿ ನೋಡಿದರು. ಒಂದೊಂದು ಮೆಥಾಕ್ಸಿ ಸೇರಿದಾಗಲೂ ಟ್ರೈಟೈಲ್ ಕಳಚುವ ವೇಗ ಸುಮಾರು ಹತ್ತು ಪಟ್ಟು ಹೆಚ್ಚಿತು. ಎರಡು ಮೆಥಾಕ್ಸಿ ಇದ್ದರೆ ತೀರ ಮೆದು ಆಮ್ಲ ಸಾಕು, ಪ್ರತ್ಯಾಮ್ಲಗಳು ಕ್ಷೇಮ. ಕಳಚಿದ ಗುಂಪು ಆಮ್ಲದಲ್ಲಿ ಕಿತ್ತಳೆ ಬಣ್ಣ ತಾಳುತ್ತದೆ ಎಂಬುದು ಮೇಲೊಂದು ಲಾಭ. ಆ ಬಣ್ಣದ ಗಾಢತೆ ಅಳೆದರೆ ಹಿಂದಿನ ಬೆಸುಗೆ ಎಷ್ಟರ ಮಟ್ಟಿಗೆ ಆಗಿತ್ತೆಂದು ತಿಳಿದುಬಿಡುತ್ತದೆ. ಆರು ದಶಕಗಳು ಕಳೆದಿವೆ. ಜಗತ್ತಿನ ಡಿಎನ್‌ಎ ಕಟ್ಟುವ ಯಂತ್ರಗಳಲ್ಲಿ ಇಂದಿಗೂ ನಡೆಯುತ್ತಿರುವುದು ಇದೇ ಡೈಮೆಥಾಕ್ಸಿಟ್ರೈಟೈಲ್.

ಹೀಗೆ ಒಂದು ಘಟಕ ಸೇರಿಸುವುದು, ಒಂದು ಮುಚ್ಚಿಗೆ ತೆಗೆಯುವುದು, ಬೆಸುಗೆಯಾಗದೆ ಉಳಿದದ್ದನ್ನು ಉದ್ದನೆಯ ಗಾಜಿನ ಸ್ತಂಭಗಳಲ್ಲಿ ಹಾಯಿಸಿ ಬೇರ್ಪಡಿಸುವುದು, ಮತ್ತೆ ಮುಂದಿನದಕ್ಕೆ ಕೈ ಹಾಕುವುದು. ಇಲ್ಲಿ ಲೆಕ್ಕ ಬಹಳ ನಿಷ್ಠುರ. ಪ್ರತಿ ಸಲ ನೂರಕ್ಕೆ ತೊಂಬತ್ತು ಬೆಸುಗೆ ಆಯಿತೆಂದುಕೊಳ್ಳಿ. ಇಪ್ಪತ್ತು ಸಲ ಮಾಡುವ ಹೊತ್ತಿಗೆ ಸರಿಯಾದ ಎಳೆ ಉಳಿಯುವುದು ನೂರಕ್ಕೆ ಹನ್ನೆರಡು. 77 ಘಟಕಗಳ ಎಳೆಯನ್ನು ಈ ದಾರಿಯಲ್ಲಿ ಒಂದೇ ಉಸಿರಿಗೆ ಕಟ್ಟಲು ಸಾಧ್ಯವೇ ಇರಲಿಲ್ಲ.

ಜೀನಿಗೆ ಮೊದಲು ಬಂದದ್ದು ಆನುವಂಶಿಕ ಸಂಕೇತ. ಎಳೆಯ ಅನುಕ್ರಮದಲ್ಲಿ ಮೂರು ಮೂರು ಪ್ರತ್ಯಾಮ್ಲಗಳ ಒಂದು ಗುಂಪು ಒಂದು ಅಮೈನೋ ಆಮ್ಲವನ್ನು ಸೂಚಿಸುತ್ತದೆ. ಯಾವ ಗುಂಪಿಗೆ ಯಾವ ಅಮೈನೋ ಆಮ್ಲ? 1961ರಲ್ಲಿ ಮಾರ್ಷಲ್ ನಿರೆನ್‌ಬರ್ಗ್ ಮತ್ತು ಹೈನ್ರಿಕ್ ಮಥೈ ಬರೀ ಯುರಾಸಿಲ್‌ಗಳ ಆರ್‌ಎನ್‌ಎ ಕೊಟ್ಟು, ಬರೀ ಫಿನೈಲ್‌ಅಲನಿನ್‌ನ ಪ್ರೋಟೀನ್ ಪಡೆದರು. ಖೊರಾನಾ ಮುಂದಿನ ಹೆಜ್ಜೆಗೆ ಖಚಿತ ಅನುಕ್ರಮದ ಆರ್‌ಎನ್‌ಎಗಳನ್ನು ಕಟ್ಟಿದರು. ಕೈಯಿಂದ ಬೆಸೆದ ಚಿಕ್ಕ ಡಿಎನ್‌ಎ ತುಂಡನ್ನು ಎಂಜೈಮ್ ಮೂಲಕ ಉದ್ದ ಮಾಡಿ, ಅದರಿಂದ ಆರ್‌ಎನ್‌ಎ ತೆಗೆಯುವುದು ಅವರ ವಿಧಾನ. ಯುರಾಸಿಲ್, ಸೈಟೋಸಿನ್ ಒಂದಾದ ಮೇಲೊಂದು ಬರುವ ಎಳೆ ಕೊಟ್ಟಾಗ ಸೆರಿನ್, ಲ್ಯೂಸಿನ್ ಒಂದಾದ ಮೇಲೊಂದು ಬರುವ ಪ್ರೋಟೀನ್ ಬಂತು. ಸಂಕೇತದ ಗುಂಪಿನಲ್ಲಿರುವುದು ಬೆಸ ಸಂಖ್ಯೆ ಎಂಬುದಕ್ಕೆ ಇದಕ್ಕಿಂತ ಸ್ವಚ್ಛವಾದ ಸಾಕ್ಷಿ ಬೇಕಿಲ್ಲ. ಸಮ ಸಂಖ್ಯೆಯಾಗಿದ್ದರೆ ಒಂದೇ ಅಮೈನೋ ಆಮ್ಲ ಮತ್ತೆ ಮತ್ತೆ ಬರುತ್ತಿತ್ತು. ಗ್ವಾನಿನ್, ಯುರಾಸಿಲ್, ಅಡೆನಿನ್, ಅಡೆನಿನ್ ಎಂದು ನಾಲ್ಕರ ಸಾಲು ಮರುಕಳಿಸುವ ಎಳೆ ಕೊಟ್ಟಾಗ ಉದ್ದನೆಯ ಪ್ರೋಟೀನೇ ಬರಲಿಲ್ಲ, ಪ್ರತಿ ನಾಲ್ಕನೆಯ ಗುಂಪು ‘ನಿಲ್ಲು’ ಎಂಬ ಸಂಕೇತವಾಗಿತ್ತು. 1968ರ ನೊಬೆಲ್ ನಿರೆನ್‌ಬರ್ಗ್, ಖೊರಾನಾ ಮತ್ತು ರಾಬರ್ಟ್ ಹಾಲಿ ಮೂವರಿಗೆ ಬಂತು.

ಈ ಹಾಲಿ ಅವರಿಂದಲೇ ಖೊರಾನಾಗೆ ಮುಂದಿನ ಕೆಲಸ ಸಿಕ್ಕಿತು. ಕಾರ್ನೆಲ್‌ನಲ್ಲಿ ಹಾಲಿ ತಂಡ 140 ಕಿಲೋ ಯೀಸ್ಟ್‌ನಿಂದ ಒಂದು ಗ್ರಾಂನಷ್ಟು, ಅಮೈನೋ ಆಮ್ಲವಾದ ಅಲನಿನನ್ನು ಹೊತ್ತು ತರುವ ಅಲನಿನ್ ಟಿ-ಆರ್‌ಎನ್‌ಎ ಬೇರ್ಪಡಿಸಿ, 1965ರಲ್ಲಿ ಅದರ ಪೂರ್ತಿ ಅನುಕ್ರಮವನ್ನು ಓದಿತ್ತು. ಆರ್‌ಎನ್‌ಎಯ ಅನುಕ್ರಮ ತಿಳಿದರೆ ಅದನ್ನು ಕೊಡುವ ಜೀನಿನ ಅನುಕ್ರಮವನ್ನು ಜೋಡಿಯ ನಿಯಮದಿಂದ ಬರೆದುಬಿಡಬಹುದು. 77 ಜೋಡಿ. ಅದನ್ನು ಖೊರಾನಾ ತಂಡ ಸುಮಾರು ಐದರಿಂದ ಇಪ್ಪತ್ತು ಘಟಕಗಳ ಚಿಕ್ಕ ಚಿಕ್ಕ ತುಂಡುಗಳಾಗಿ ವಿಂಗಡಿಸಿಕೊಂಡಿತು. ಎರಡೂ ಎಳೆಗಳ ತುಂಡುಗಳನ್ನು ಹೇಗೆ ಆಯ್ದರೆಂದರೆ, ಒಂದು ಎಳೆಯಲ್ಲಿ ಎರಡು ತುಂಡು ಸೇರುವ ಸಂದು ಬಂದಲ್ಲಿ ಎದುರಿನ ಎಳೆಯ ಒಂದು ತುಂಡು ಎರಡನ್ನೂ ತಬ್ಬಿ ಹಿಡಿಯುವಂತಿತ್ತು. ತುಂಡುಗಳನ್ನು ಬೆರೆಸಿ, ಬಿಸಿ ಮಾಡಿ, ನಿಧಾನವಾಗಿ ತಣಿಸಿದರೆ ಪ್ರತ್ಯಾಮ್ಲಗಳು ತಮ್ಮ ತಮ್ಮ ಜೊತೆಯನ್ನು ತಾವೇ ಹುಡುಕಿಕೊಳ್ಳುತ್ತವೆ. ಸಂದುಗಳನ್ನು ಮುಚ್ಚಲು 1967ರಲ್ಲಷ್ಟೇ ಪತ್ತೆಯಾಗಿದ್ದ ಲೈಗೇಸ್ ಎಂಬ ಎಂಜೈಮ್ ಒದಗಿತು. ಅದಕ್ಕೂ ಒಂದು ಶರತ್ತಿದೆ: ಒಂದು ತುಂಡಿನ ಮೂರನೆಯ ಇಂಗಾಲದಲ್ಲಿ ಹೈಡ್ರಾಕ್ಸಿಲ್, ಪಕ್ಕದ ತುಂಡಿನ ಐದನೆಯ ಇಂಗಾಲದಲ್ಲಿ ಫಾಸ್ಫೇಟ್ ಇರಲೇಬೇಕು. ಆ ಫಾಸ್ಫೇಟನ್ನು ಇಡಲು ಇನ್ನೊಂದು ಎಂಜೈಮ್. ಮನುಷ್ಯನ ರಸಾಯನ ವಿದ್ಯೆ ಎಲ್ಲಿ ಸೋಲುತ್ತದೋ ಅಲ್ಲಿಂದ ಅಣುವಿನ ಸ್ವಂತ ಗುಣವನ್ನೇ ಕೆಲಸಕ್ಕೆ ಹಚ್ಚಿದ ಈ ಯೋಜನೆ ನನ್ನ ಲೆಕ್ಕದಲ್ಲಿ ಇಪ್ಪತ್ತನೆಯ ಶತಮಾನದ ಅತ್ಯಂತ ಸೊಗಸಾದ ಕೈಕೆಲಸಗಳಲ್ಲಿ ಒಂದು.

ಆ ಮೊದಲ ಜೀನಿಗೆ ‘ಇಲ್ಲಿ ಶುರು’, ‘ಇಲ್ಲಿ ಮುಗಿ’ ಎಂದು ಹೇಳುವ ಭಾಗಗಳಿರಲಿಲ್ಲ, ಆದ್ದರಿಂದ ಅದು ಜೀವಕೋಶದಲ್ಲಿ ಕೆಲಸ ಮಾಡುವಂತಿರಲಿಲ್ಲ. ಎಂಐಟಿಗೆ ಬಂದ ಮೇಲೆ ಖೊರಾನಾ ತಂಡ ಇ. ಕೋಲೈ ಬ್ಯಾಕ್ಟೀರಿಯಾದ ಟೈರೋಸಿನ್ ಟಿ-ಆರ್‌ಎನ್‌ಎಯ ಜೀನನ್ನು ಆ ಎರಡು ಭಾಗಗಳ ಸಮೇತ 207 ಜೋಡಿಗಳಾಗಿ ಕಟ್ಟಿತು. 1976ರಲ್ಲಿ ಅದು ಬ್ಯಾಕ್ಟೀರಿಯಾದೊಳಗೆ ಕೆಲಸ ಮಾಡಿ ತೋರಿಸಿತು.

ಇಷ್ಟೂ ಆದದ್ದು ಡಿಎನ್‌ಎಯಲ್ಲಿ. ಆರ್‌ಎನ್‌ಎಯನ್ನು ಕೈಯಿಂದ ಕಟ್ಟುವುದು ಇನ್ನೂ ಕಷ್ಟ, ಕಾರಣ ಎರಡನೆಯ ಇಂಗಾಲದ ಆ ಒಂದು ಹೈಡ್ರಾಕ್ಸಿಲ್. ಅದು ಫಾಸ್ಫೇಟ್‌ನ ಮಗ್ಗುಲಲ್ಲೇ ಇದೆ. ಕ್ಷಾರ ತಾಗಿದರೆ ಅದರ ಜಲಜನಕ ಕಳಚಿ, ಉಳಿದ ಆಮ್ಲಜನಕ ಪಕ್ಕದ ರಂಜಕದ ಮೇಲೆ ಎರಗಿ ಎಳೆಯನ್ನೇ ತುಂಡರಿಸುತ್ತದೆ. ಅದೇ ಕ್ಷಾರದಲ್ಲಿ ಡಿಎನ್‌ಎಯ ಎರಡು ಎಳೆಗಳು ಬಿಡಿಯಾಗಬಹುದೇ ಹೊರತು ಎಳೆ ಮುರಿಯುವುದಿಲ್ಲ. ತಲೆಮಾರುಗಳ ದಾಸ್ತಾನಿಗೆ ಜೀವ ಡಿಎನ್‌ಎಯನ್ನು ನಂಬಿದ್ದು, ಹೊತ್ತಿಗೆ ತಕ್ಕ ಸಂದೇಶಗಳಿಗೆ ಆರ್‌ಎನ್‌ಎಯನ್ನು ಬಳಸಿದ್ದು ಎರಡೂ ಈ ಗುಣಕ್ಕೆ ಒಪ್ಪುತ್ತವೆ. ಕೆಲಸ ಮುಗಿದ ಸಂದೇಶ ಅಳಿಯಬೇಕು, ಅಳಿಯುತ್ತದೆ.

ಡಿಎನ್‌ಎಗೆ ಥೈಮಿನ್ ಯಾಕೆ, ಅಗ್ಗದ ಯುರಾಸಿಲ್ ಯಾಕಾಗದು ಎಂಬುದಕ್ಕೂ ಸೊಗಸಾದ ಉತ್ತರವಿದೆ. ಸೈಟೋಸಿನ್ ಆಗಾಗ ತನ್ನಷ್ಟಕ್ಕೆ ಅಮೈನೋ ಗುಂಪನ್ನು ಕಳೆದುಕೊಂಡು ಯುರಾಸಿಲ್ ಆಗಿಬಿಡುತ್ತದೆ. ಡಿಎನ್‌ಎಯಲ್ಲಿ ಯುರಾಸಿಲ್ ಸಹಜವಾಗಿಯೇ ಇದ್ದಿದ್ದರೆ ಮೂಲದ್ದು ಯಾವುದು, ಕೆಟ್ಟದ್ದು ಯಾವುದು ಎಂದು ಗುರುತಿಸುವಂತಿರಲಿಲ್ಲ. ಥೈಮಿನ್ ಎಂದರೆ ಒಂದು ಮೀಥೈಲ್ ಗುಂಪು ಹೊತ್ತ ಯುರಾಸಿಲ್. ಆ ಗುರುತು ಇರುವುದರಿಂದ, ಡಿಎನ್‌ಎಯಲ್ಲಿ ಬರಿಯ ಯುರಾಸಿಲ್ ಕಂಡರೆ ಅದು ತಪ್ಪೆಂದು ತಿಳಿದು ಕಿತ್ತುಹಾಕುವ ಎಂಜೈಮ್ ನಮ್ಮ ಜೀವಕೋಶಗಳಲ್ಲಿದೆ. ಅದನ್ನು 1974ರಲ್ಲಿ ಕಂಡುಹಿಡಿದ ಟೊಮಾಸ್ ಲಿಂಡಾಲ್‌ಗೆ 2015ರಲ್ಲಿ ನೊಬೆಲ್ ಬಂತು.

ಆರ್‌ಎನ್‌ಎಯ ಆ ಹೈಡ್ರಾಕ್ಸಿಲ್‌ನಿಂದ ತೊಂದರೆ ಮಾತ್ರ ಎನ್ನುವಂತಿಲ್ಲ. ಒಂಟಿ ಎಳೆ ತನ್ನ ಮೇಲೆ ತಾನೇ ಮಡಚಿಕೊಂಡು ಜೋಡಿಗಳನ್ನು ಮಾಡಿಕೊಳ್ಳುವಾಗ ಅದೂ ಹಿಡಿತಕ್ಕೆ ನೆರವಾಗುತ್ತದೆ. 1974ರಲ್ಲಿ ಎಕ್ಸ್-ರೇ ಮೂಲಕ ಸ್ಪಷ್ಟವಾಗಿ ಕಂಡ ಟಿ-ಆರ್‌ಎನ್‌ಎಗೆ ಇಂಗ್ಲಿಷಿನ ಎಲ್ ಅಕ್ಷರದ ಆಕಾರ ಇತ್ತು. 1980ರ ದಶಕದಲ್ಲಿ ಥಾಮಸ್ ಚೆಕ್ ಮತ್ತು ಸಿಡ್ನಿ ಆಲ್ಟ್‌ಮನ್, ಆರ್‌ಎನ್‌ಎ ಎಂಜೈಮಿನ ಕೆಲಸವನ್ನೂ ಮಾಡುತ್ತದೆಂದು ತೋರಿಸಿದರು. ಎರಡನೆಯ ಇಂಗಾಲಕ್ಕೂ ಒಂದು ವಿಶೇಷ ಮುಚ್ಚಿಗೆ ಹೊಂದಿಸಿ, 77 ಘಟಕಗಳ ಆರ್‌ಎನ್‌ಎಯನ್ನು ಕೆನಡಾದ ಕೆಲ್ವಿನ್ ಓಗಿಲ್ವಿ ತಂಡ ಕಟ್ಟಿದ್ದು 1988ರಲ್ಲಿ, ಖೊರಾನಾ ಅವರ 77 ಜೋಡಿ ಡಿಎನ್‌ಎ ಬಂದು 18 ವರ್ಷಗಳ ಮೇಲೆ.

ಇಂದು ಈ ಕೆಲಸ ಯಂತ್ರದ್ದು. ಎಳೆಯ ಮೊದಲ ಘಟಕವನ್ನು ಘನವಾದ ಕಣಕ್ಕೆ ಅಂಟಿಸಿ, ಉಳಿದದ್ದನ್ನು ತೊಳೆದುಹಾಕುವ ಕ್ರಮವನ್ನು ರಾಬರ್ಟ್ ಲೆಟ್ಸಿಂಗರ್ ಬೆಳೆಸಿದರು. ಖೊರಾನಾ ಅವರ ಬಳಿ ಪಳಗಿದ್ದ ಮಾರ್ವಿನ್ ಕ್ಯಾರುಥರ್ಸ್ 1981ರಲ್ಲಿ ಫಾಸ್ಫೊರಮೈಡೈಟ್ ಎಂಬ ಚುರುಕಾದ ಘಟಕಗಳನ್ನು ತಂದರು. ಬಹಳ ಹೊತ್ತು ಹಿಡಿಯುತ್ತಿದ್ದ ಒಂದು ಬೆಸುಗೆ ನಿಮಿಷಗಳಿಗೆ ಇಳಿಯಿತು, ಫಲ ನೂರಕ್ಕೆ 99ನ್ನು ಮೀರಿತು. ಯಂತ್ರ ಎಳೆಯನ್ನು ಮೂರರಿಂದ ಐದರ ಕಡೆಗೆ, ಅಂದರೆ ಜೀವಕೋಶಕ್ಕೆ ವಿರುದ್ಧ ದಿಕ್ಕಿನಲ್ಲಿ ಬೆಳೆಸುತ್ತದೆ. ಆದರೂ ಇನ್ನೂರು ಘಟಕಗಳ ಆಸುಪಾಸಿನಲ್ಲಿ ಅದೂ ಸುಸ್ತಾಗುತ್ತದೆ. ಪ್ರತಿ ಸಲ 99.5ರಷ್ಟು ಫಲ ಬಂದರೂ ಇನ್ನೂರರ ಹೊತ್ತಿಗೆ ಸರಿಯಾದ ಎಳೆ ನೂರಕ್ಕೆ 37 ಮಾತ್ರ. ಹೆಚ್ಚು ಉದ್ದ ಬೇಕೆಂದರೆ ಈಗಲೂ ಖೊರಾನಾ ದಾರಿಯೇ: ತುಂಡುಗಳನ್ನು ಕಟ್ಟಿ, ಜೋಡಿಯ ಬಲದಿಂದ ಸೇರಿಸುವುದು.

2020ರಲ್ಲಿ ನಮ್ಮೂರುಗಳಲ್ಲಿ ಮೂಗು, ಗಂಟಲಿನ ದ್ರವ ಕೊಟ್ಟವರ ಪ್ರತಿಯೊಂದು ಆರ್‌ಟಿ-ಪಿಸಿಆರ್ ಪರೀಕ್ಷೆಯಲ್ಲೂ ಇಪ್ಪತ್ತರಷ್ಟು ಘಟಕಗಳ, ಹೀಗೆ ಯಂತ್ರದಲ್ಲಿ ಕಟ್ಟಿದ ಡಿಎನ್‌ಎ ತುಣುಕುಗಳಿದ್ದವು. ಕೊರೊನಾ ಆರ್‌ಎನ್‌ಎ ಲಸಿಕೆಗಳಲ್ಲಿ ಯುರಾಸಿಲ್ ಹೊತ್ತ ಘಟಕವಾದ ಯುರಿಡಿನ್ ಬದಲಿಗೆ ಹಾಕಿದ್ದು ಸ್ಯೂಡೋಯುರಿಡಿನ್ ಎಂಬ ಘಟಕದ ಒಂದು ರೂಪ. ಈ ಬದಲಾವಣೆಗೆ ದಾರಿ ತೋರಿದ ಕಾಟಲಿನ್ ಕರಿಕೊ, ಡ್ರೂ ವೈಸ್‌ಮನ್ ಅವರಿಗೆ 2023ರ ನೊಬೆಲ್ ಬಂತು. ಸ್ಯೂಡೋಯುರಿಡಿನ್ ಹೊಸ ವಸ್ತುವೇನಲ್ಲ. ಹಾಲಿ ಓದಿದ ಯೀಸ್ಟ್‌ನ ಅಲನಿನ್ ಟಿ-ಆರ್‌ಎನ್‌ಎಯಲ್ಲೂ ಅದು ಇತ್ತು.

ಪಿಯುಸಿಯಲ್ಲಿ ಜೀವಶಾಸ್ತ್ರ, ರಸಾಯನಶಾಸ್ತ್ರ ಓದುತ್ತಿರುವವರಿಗೂ ಕಲಿಸುತ್ತಿರುವವರಿಗೂ ನನ್ನದೊಂದು ವಿನಂತಿ. ಒಂದು ನ್ಯೂಕ್ಲಿಯೋಟೈಡನ್ನು ಪರಮಾಣು ಬಿಡದೆ ಕೈಯಿಂದ ಬರೆಯಿರಿ, ಇಂಗಾಲಗಳಿಗೆ ಸಂಖ್ಯೆ ಹಾಕಿ, ಪಕ್ಕದಲ್ಲಿ ಎರಡನೆಯದನ್ನು ಬರೆದು ಬೆಸುಗೆ ಎಲ್ಲಿ ಬೀಳುತ್ತದೆ, ಯಾವ ಯಾವ ಜಾಗ ಮುಚ್ಚಬೇಕು ಎಂದು ಗುರುತು ಮಾಡಿ. ಆಮೇಲೆ ಖೊರಾನಾ 1968ರ ಡಿಸೆಂಬರಿನಲ್ಲಿ ಮಾಡಿದ ನೊಬೆಲ್ ಉಪನ್ಯಾಸವನ್ನು ಓದಿ. ನೊಬೆಲ್ ಪ್ರತಿಷ್ಠಾನದ ಜಾಲತಾಣದಲ್ಲಿ ಅದು ಯಾರಿಗೆ ಬೇಕಾದರೂ ಹಣವಿಲ್ಲದೆ ಸಿಗುತ್ತದೆ.